ಸ್ಟಾಪ್ ಇಲ್ಲದ ದಾರಿಗೆ ಹೊಂಟಿದ್ದ ಡ್ರೈವರ್ ಮಾಮ

ನೀವು ಇದನ್ನ ನಂಬಂಗಿಲ್ಲ, ಈಗ್ಲೇ ಹೇಳಿರ್ತೀನಿ. ನಮ್ಮ ಪಿಯುಸಿ ಕ್ಲಾಸಿನ್ಯಾಗ ಅರವತ್ತು ಮಂದಿ ಅದಾರ, ಅದ್ರಾಗ ಅರವತ್ತೊಂದು ಮಂದಿ ನಂಬಿಲ್ಲ. ಹೆಚ್ಚಿಗಿ ಆದ ಒಬ್ಬರು ಕೆಮಿಸ್ಟ್ರಿ ಲೆಕ್ಚರರ್, ಬಾಗಿಲಾಗ ನಿಂತು ಕೇಳಿಸ್ಕೊಂಡಿದ್ರು. ನಾ ಹೇಳೋದ್ರಾಗ ಹತ್ತಕ್ಕ ಎಂಟು ಸುಳ್ಳು ಅಂತ ನಮ್ಮವ್ವಾನ ಓಣಿಗೆಲ್ಲ ಸಾರಿ ಬಂದಾಳ. ಇರ್ಲಿ. ಇದು ಉಳಿದ ಎರಡ್ರಾಗಿನದು.

ಅರವತ್ತೊಂದು ವರ್ಷದ ಮನುಷ್ಯಾ ಒಬ್ಬರು, ನೂರು ಸಿಸಿ ಗಾಡಿ ಮ್ಯಾಲೆ, ಬಳ್ಳಾರಿಯಿಂದ ಗುಜರಾತಿನ ಉಪ್ಪಿನ ಬಯಲಿಗೆ ಹೋಗಾಕ ಒಂದು ವರ್ಷ ತಯಾರಿ ಮಾಡಿದ್ರು. ಹಿಂದಿನ ಸೀಟಿನ್ಯಾಗ ನಾ ಇದ್ದೆ. ಅವ್ರ ಹೆಸರು ಬರಿಯಂಗಿಲ್ಲ. ಬರದ್ರ ಯಾರರ ಇದನ್ನ ಅವ್ರಿಗೆ ಓದಿ ಹೇಳ್ತಾರ, ಬ್ಯಾಸರ ಮಾಡ್ಕೊಂತಾರ. ಅವ್ರ ತಾವ ಯಾಕ ಓದಂಗಿಲ್ಲ ಅಂತ ಕೇಳಬ್ಯಾಡ್ರಿ, ಅದ ಕಥಿ.

ನಮ್ಮ ಮನಿ ಮ್ಯಾಲಿನ ರೂಮಿನ್ಯಾಗ ಬಾಡಿಗಿಗೆ ಇದ್ರು. ಹೆಂಡ್ತಿ ತೀರ್ಕೊಂಡು ಭಾಳ ವರ್ಷ ಆಗಿತ್ತು, ಮಕ್ಕಳಿಲ್ಲ. ಓಣಿಗೆಲ್ಲ ಡ್ರೈವರ್ ಮಾಮ. ನಾ ಮಾಮ ಅಂದ್ರ ಅವ್ರು ನನಗ ಅಳಿಯ ಅನ್ನೋರು. ಮೂವತ್ತೆರಡು ವರ್ಷ ಸರ್ಕಾರಿ ಬಸ್ ಓಡಿಸ್ಯಾರ, ಒಂದ ದಾರಿ ಮ್ಯಾಲೆ. ಬಳ್ಳಾರಿ, ಕುರುಗೋಡು, ಸಿರುಗುಪ್ಪ. ತಿರುಗಿ ಸಿರುಗುಪ್ಪ, ಕುರುಗೋಡು, ಬಳ್ಳಾರಿ. ನಾ ಒಂದಿನ ಕ್ಯಾಲ್ಕುಲೇಟರ್ ಹಿಡಕೊಂಡು ಲೆಕ್ಕ ಹಾಕಿದೆ. ಚಂದ್ರನ ಮಟ ಎರಡು ಸಲ ಹೋಗಿ ಬಂದಷ್ಟು ದಾರಿ ಆಕ್ಕೈತಿ. ಚಂದ್ರನ ಮಟ ಎರಡು ಸಲ ಹೋಗಿ ಬಂದ ಮನುಷ್ಯಾ ಸಿರುಗುಪ್ಪ ದಾಟಿದ್ದಿಲ್ಲ.

ಅವ್ರ ಬಲಗೈ ಕರ್ರಗ, ಎಡಗೈ ಬೆಳ್ಳಗ. ಬಲಗೈ ಮೂವತ್ತೆರಡು ವರ್ಷ ಕಿಡಕಿ ಹೊರಗ ಬಿಸಿಲಾಗ ಇತ್ತು, ಎಡಗೈ ಗೇರಿನ ಮ್ಯಾಲೆ ನೆರಳಾಗ ಇತ್ತು. ಎರಡು ಬ್ಯಾರೆ ಬ್ಯಾರೆ ಮನಿತನದ ಕೈ ತಂದು ಒಬ್ಬರಿಗೆ ಹೊಲದಂಗ ಕಾಣ್ತಿತ್ತು. ಕೈ ಮುಗಿದ್ರ ಇಬ್ಬರು ಬೀಗರು ಭೆಟ್ಟಿ ಆದಂಗ.

ಊಟಕ್ಕ ಏಳು ನಿಮಿಷ. ಸಿರುಗುಪ್ಪದಾಗ ಬಸ್ ಹತ್ತು ನಿಮಿಷ ನಿಲ್ತಿತ್ತಂತ, ಅದ್ರಾಗ ಮೂರು ನಿಮಿಷ ಸಹಿ ಮಾಡಿಸಾಕ ಹೋಗ್ತಿತ್ತಂತ. ನಮ್ಮವ್ವ ಯುಗಾದಿಗೆ ಊಟಕ್ಕ ಕರದ್ರ ಐದು ಹೋಳಿಗಿ ಏಳು ನಿಮಿಷದಾಗ ಮುಗಿಸಿ ಎದ್ದು ಕೈ ತೊಳಕೊಂತಿದ್ರು. ಆಕಿ ಅನ್ನದ ಬೋಗಾಣಿ ಹಿಡಕೊಂಡು ಒಳಗಿಂದ ಬರೋದ್ರಾಗ ಮ್ಯಾಲಿನ ರೂಮಿನ ಬಾಗ್ಲ ಹಾಕ್ಕೊಂಡ ಸಪ್ಪಳ ಕೇಳ್ತಿತ್ತು.

ರಿಟೈರ್ ಆಗಾಕ ಎರಡು ವರ್ಷ ಇದ್ದಾಗ ಅವ್ರನ್ನ ಬಸ್ಸಿನಿಂದ ಇಳಿಸಿ ಡಿಪೋ ಗೇಟಿನ ಹತ್ರ ಕುಂದ್ರಿಸಿದ್ರು. ಹೊರಗ ಹೋಗೋ ಬಸ್ಸಿನ ಟೈಮ್ ಬರಿಯೋ ಕೆಲಸ. ಮಾಮ ಅದನ್ನ ಪ್ರಮೋಷನ್ ಅಂತ ಓಣಿಗೆಲ್ಲ ಪೇಢೆ ಹಂಚಿದ್ರು. ನಾನೂ ಎರಡು ತಿಂದೆ. ಚಲೋ ಓಡಿಸೋ ಡ್ರೈವರನ್ನ ಯಾಕ ಇಳಿಸಿದ್ರು ಅಂತ ಕೇಳೋ ಬುದ್ಧಿ ಯಾರಿಗೂ ಬರ್ಲಿಲ್ಲ. ಬಾಯಾಗ ಪೇಢೆ ಇತ್ತು.

ರಿಟೈರ್ ಆದ ಮರುದಿನ ಮೊಬೈಲ್ ಹಿಡಕೊಂಡು ಕೆಳಗ ಬಂದ್ರು. ಮೊಬೈಲನ್ನ ಕೈ ಚಾಚಿ ದೂರ ಹಿಡಿಯೋರು, ಗೋಡಿಗೆ ತೋರಿಸೋರಂಗ. ಒಂದು ವಿಡಿಯೋ ಇತ್ತು. ಎರಡೂ ಕಡಿ ಬೆಳ್ಳಗ ಉಪ್ಪು, ನಡುವ ಸ್ಕೇಲ್ ಇಟ್ಟು ಗೆರಿ ಹೊಡದಂಗ ಒಂದು ದಾರಿ. ಗಿಡ ಇಲ್ಲ, ಮನಿ ಇಲ್ಲ, ಎಮ್ಮಿ ಇಲ್ಲ, ಮಂದಿ ಇಲ್ಲ.

"ನೋಡಲೇ ಅಳಿಯ," ಅಂದ್ರು. "ಒಂದು ಸ್ಟಾಪ್ ಇಲ್ಲ."

ನಾ ಲಡಾಖ್ ಅಂದೆ, ಎಲ್ಲಾರೂ ಅಲ್ಲಿಗೇ ಹೋಗ್ತಾರ ಅಂದೆ. ಅಲ್ಲಿ ತಿರುವು ಭಾಳ ಅಂದ್ರು. ಗೋವಾ ಅಂದೆ. ಅಲ್ಲಿ ಮಂದಿ ಭಾಳ ಅಂದ್ರು. ಆ ದಾರಿನ ಯಾಕ ಬೇಕು ಅನ್ನೋದು ನನಗ ಆಗ ತಿಳೀಲಿಲ್ಲ. ನನಗ ತಿಳದದ್ದು ಇಷ್ಟ, ನಮ್ಮ ಕ್ಲಾಸಿನ್ಯಾಗ ಯಾವನೂ ಗಾಡಿ ಮ್ಯಾಲೆ ಹೊಸಪೇಟೆ ದಾಟಿಲ್ಲ. ಹಿಂದ ನಾ ಬರ್ತೀನಿ ಅಂದೆ. ಮರುದಿನ ಕಾಲೇಜಿನ್ಯಾಗ ಹೇಳೋವಾಗ ಮಾಮನ್ನ ಹಿಂದಿನ ಸೀಟಿಗೆ ಕುಂದ್ರಿಸಿ ನಾ ಮುಂದ ಕುಂತಿದ್ದೆ, ಅದು ಬ್ಯಾರೆ ಮಾತು.

ತಯಾರಿ ಅಂದ್ರ ನಿಮ್ಮ ನಮ್ಮಂಗ ಎರಡು ಪ್ಯಾಂಟ್, ಒಂದು ಚಾರ್ಜರ್ ಅಲ್ಲ. ಡಿಪೋದಾಗ ಬಸ್ ಹೊರಗ ಬಿಡೋ ಮೊದಲು ಏನೇನು ನೋಡ್ತಾರೋ ಅದೆಲ್ಲಾ ಆ ಗಾಡಿಗೂ ಆಗಬೇಕು. ಸ್ಟೆಪ್ನಿ ಇಲ್ದ ಹೊರಗ ಬಿಡಂಗಿಲ್ಲ ಅಂತ ಹಟ ಹಿಡದ್ರು. ಬೈಕಿಗೆ ಸ್ಟೆಪ್ನಿ ಎಲ್ಲಿ ಕಟ್ಟೋದು? ಎಲ್ಲೂ ಜಾಗ ಸಿಗಲಿಲ್ಲ, ಕಡೀಕ ನನ್ನ ಕೊಳ್ಳಾಗ ಹಾಕಿದ್ರು. ಮೊದಲ್ನೇ ಟ್ರಯಲಿಗೆ ನಾ ಟಯರಿನ ಹಾರ ಹಾಕ್ಕೊಂಡು ಕುರುಗೋಡು ದಾರಿಯಾಗಿನ ಕೊಳಗಲ್ಲಿನ ಮಟ ಹೋದೆ, ಎಲೆಕ್ಷನ್ ಗೆದ್ದು ಬಂದೋರಂಗ. ಆಮ್ಯಾಲೆ ಫಸ್ಟ್ ಏಡ್ ಡಬ್ಬಿ. ಆಮ್ಯಾಲೆ ಬೆಂಕಿ ಆರ್ಸಾಕ ಅಂತ ಒಂದು ಸಣ್ಣ ಕೆಂಪು ಬಕೆಟ್ ಉಸುಕು. ಗುಜರಾತಿನ್ಯಾಗ ಉಸುಕು ಸಿಗಂಗಿಲ್ಲೇನು ಮಾಮ ಅಂದೆ. ಬೆಂಕಿ ಗುಜರಾತ್ ಬರೋ ಮಟ ಕಾಯ್ತೈತೇನಲೇ ಅಂದ್ರು.

ಪ್ರತಿ ಐತವಾರ ಟ್ರಯಲ್. ಬಳ್ಳಾರಿ ಬಿಟ್ಟು ಕುರುಗೋಡು, ಅಲ್ಲಿಂದ ಸಿರುಗುಪ್ಪ, ತಿರುಗಿ ಮನಿ. ಹಾದಿ ಮ್ಯಾಲೆ ಲಗೇಜಿನ ಭಾರ ರೂಢಿ ಆಗ್ಲಿ ಅಂತ ಎರಡೂ ಕಡಿ ಒಂದೊಂದು ಅಕ್ಕಿ ಚೀಲ. ಒಂದ್ಸಲ ಸಿರುಗುಪ್ಪದಾಗ ಎಡಗಡಿ ಚೀಲ ಹರೀತು, ನಮಗ ಗೊತ್ತಾಗಲಿಲ್ಲ. ದಾರಿ ತುಂಬ ಸೋನಾ ಮಸೂರಿ ಚೆಲ್ಲಿಕೊಂತ ಬಂದೀವಿ. ಕುರುಗೋಡು ಮುಟ್ಟೋದ್ರಾಗ ಬಳ್ಳಾರಿ ಜಿಲ್ಲಾದ ಪಾರಿವಾಳ ಎಲ್ಲಾ ನಮ್ಮ ಹಿಂದ ಮೆರವಣಿಗಿ ಹೊಂಟಿದ್ವು. ಸರಿ, ಆರು ಪಾರಿವಾಳ. ಒಂದು ಕೋಳಿ.

ಆದ್ರ ಖರೇ ಮಜಾ ಇರೋದು ಇದ್ರಾಗ. ಮಾಮ ಬೈಕ್ ಮ್ಯಾಲೆ ಇದ್ರೂ ಪ್ರತಿ ಬಸ್ ಸ್ಟಾಪಿಗೆ ನಿಲ್ತಿದ್ರು. ಒಂದೂ ಬಿಡಂಗಿಲ್ಲ. ಗಾಡಿ ಎಡಕ್ಕ ಒಯ್ದು, ಕಾಲು ಊರಿ, ಸುಮ್ಕ ಕುಂದ್ರೋರು. ಹಿಂದಿನಿಂದ ನಾ ರೈಟ್ ಅನ್ನಬೇಕು. ಅಂದ್ರ ಮಾತ್ರ ಗೇರ್ ಬೀಳ್ತಿತ್ತು. ಅವ್ರಿಗೆ ತಾವು ಹಂಗ ಮಾಡ್ತೀವಿ ಅನ್ನೋದ ಗೊತ್ತಿದ್ದಿಲ್ಲ. ಒಂದ್ಸಲ ನೋಡೋಣು ಅಂತ ನಾ ಬಾಯಿ ಬಿಡಲಿಲ್ಲ. ಬಿಸಿಲಾಗ ಅರ್ಧ ತಾಸು ಹಂಗ ಕುಂತ್ರು. ಆತು ಬಿಡ್ರಿ, ನಾಕು ನಿಮಿಷ. ಅಷ್ಟ್ರಾಗ ಒಬ್ಬಾಕಿ ಬಂದು ಸಿರುಗುಪ್ಪದ ಬಸ್ ಎಷ್ಟೊತ್ತಿಗೆ ಅಂತ ಕೇಳಿದ್ಲು, ಮಾಮ ಟೈಮ್ ಹೇಳಿದ್ರು, ಇವತ್ತು ಹಬ್ಬ ಐತಿ ಗದ್ದಲ ಇರ್ತೈತಿ, ಅದ್ರ ಮುಂದಿನ ಬಸ್ಸಿಗೆ ಬಾ ಅಂತ ಬುದ್ಧೀನೂ ಹೇಳಿದ್ರು. ಅಷ್ಟೆಲ್ಲಾ ಮಾತಾಡಿದ್ರು, ಗಾಡಿ ಬಿಡಲಿಲ್ಲ. ಕಡೀಕ ನಾನ ಸೋತು ರೈಟ್ ಅಂದೆ.

ಸಿರುಗುಪ್ಪ ಬಸ್ ಸ್ಟ್ಯಾಂಡಿನ ಹತ್ರ ಒಂದು ಚಾ ಅಂಗಡಿ. ಅಂಗಡ್ಯಾತ ತೆಲುಗಿನೋನು, ನಮ್ಮ ಗಾಡಿ, ಅಕ್ಕಿ ಚೀಲ, ಕೆಂಪು ಬಕೆಟ್ ಎಲ್ಲಾ ಮ್ಯಾಲಿಂದ ಕೆಳಗ ನೋಡಿ, "ಏಂ ಡ್ರೈವರ್‌ಗಾರೂ, ಬಸ್ಸು ಚಿನ್ನದೈಪೋಯಿಂದೇ" ಅಂದ. ಬಸ್ ಸಣ್ಣದಾಗಿ ಹೋತಲ್ಲ ಅಂತ. ಮಾಮ ನಗಲಿಲ್ಲ. ಪ್ಯಾಸೆಂಜರ್ ಕಡಿಮಿ ಆಗ್ಯಾರ ಅಂದ್ರು. ನಾ ಒಬ್ಬನ ಪ್ಯಾಸೆಂಜರ್, ಚಾ ಗಂಟಲಾಗ ಸಿಕ್ಕು ಮೂಗಿನ್ಯಾಗ ಬಂತು.

ಈಗ ನಗೋದು ಕಡಿಮಿ ಮಾಡ್ರಿ. ನಾನೂ ಇಲ್ಲಿಂದ ಕಡಿಮಿ ಮಾಡಿದೆ.

ಕೊಳಗಲ್ಲು ದಾಟಿದ ಮ್ಯಾಲೆ ಒಂದು ಕಡಿ ದಾರಿ ಅಗಲ ಮಾಡಾಕ ಹಳೇ ಬಸ್ ಶೆಲ್ಟರ್ ಕೆಡವಿದ್ರು. ಹೊಸದು ಒಂದು ಫರ್ಲಾಂಗು ಮುಂದ ಕಟ್ಟಿದ್ರು, ಹಳದಿ ಬಣ್ಣ ಹಚ್ಚಿ, ದೂರದಿಂದ ಕಣ್ಣಿಗೆ ಹೊಡದಂಗ ಕಾಣ್ತಿತ್ತು. ಮಾಮ ಏನು ಮಾಡಿದ್ರು ಅಂದ್ರ, ಹಳೇ ಜಾಗಕ್ಕ ಹೋಗಿ ನಿಂತ್ರು. ಅಲ್ಲಿ ಏನೂ ಇಲ್ಲ. ಜಾಲಿ ಗಿಡ ಒಂದು, ಮುರಿದ ಇಟ್ಟಂಗಿ ನಾಕು. ಹೊಸ ಶೆಲ್ಟರಿನ್ಯಾಗ ನಿಂತ ಮಂದಿ ನಮ್ಮನ್ನ ನೋಡಾಕತ್ತಿದ್ರು. ನಾ ಬಿದ್ದು ಬಿದ್ದು ನಕ್ಕೆ. ಮಾಮ, ಸ್ಟಾಪ್ ಅಲ್ಲೈತಿ ಅಂದೆ. ಎಲ್ಲಿ ಅಂದ್ರು. ಅದ ಹಳದಿ ಅಂದೆ. ಅವ್ರು ತಲಿ ತಿರುಗಿಸಿದ್ರು, ಮತ್ತ ತಿರುಗಿಸಿದ್ರು, ರೇಡಿಯೋ ಸ್ಟೇಷನ್ ಹಿಡಿಯೋರಂಗ ಸಣ್ಣಗ ಸಣ್ಣಗ ಆ ಕಡಿ ಈ ಕಡಿ ಮಾಡಿ, ಕಡೀಕ ಒಂದು ಕಡಿ ನಿಲ್ಲಿಸಿ, "ಹಾಂ, ಐತಿ" ಅಂದ್ರು. ಅಷ್ಟು ದೊಡ್ಡ ಹಳದಿ ಶೆಲ್ಟರ್ ಹುಡುಕಾಕ ಅಷ್ಟೊತ್ತು. ನನ್ನ ನಗಿ ಅಲ್ಲೇ ನಿಂತ್ತು, ಯಾಕ ಅಂತ ನನಗ ಗೊತ್ತಾಗ್ಲಿಲ್ಲ.

ಮುಂದಿನ ಐತವಾರ ಗೊತ್ತಾತು. ಸಿರುಗುಪ್ಪ ಊರು ಹೊಗೋ ಜಾಗದಾಗ ರಸ್ತೆ ನಡುವ ಹೊಸ ಡಿವೈಡರ್ ಹಾಕಿದ್ರು, ಮೊನ್ನೆ ಮೊನ್ನೆ ಹಾಕಿದ್ದು, ಇನ್ನೂ ಸಿಮೆಂಟಿನ ವಾಸನಿ ಬರ್ತಿತ್ತು. ಮಾಮ ಹಳೇ ದಾರಿ ಹೆಂಗಿತ್ತೋ ಹಂಗ ಬಲಕ್ಕ ತಿರುಗಿಸಿದ್ರು. ನಾ ಒದರೋದ್ರಾಗ ಮುಂದಿನ ಗಾಲಿ ಡಿವೈಡರ್ ಏರಿತು. ಕಾಲೇಜಿನ್ಯಾಗ ಹೇಳೋವಾಗ ನಾವು ಗಾಳ್ಯಾಗ ಹನ್ನೆರಡು ಪಲ್ಟಿ ಹೊಡದ್ವಿ. ನಿಮ್ಮ ಮುಂದ ಖರೇ ಹೇಳ್ತೀನಿ, ಗಾಡಿ ನಿಧಾನಕ ವಾಲಿತು, ನಾವಿಬ್ಬರೂ ಕುಂತ ಭಂಗಿಯಾಗ ಹಂಗ ಬಿದ್ವಿ. ನನ್ನ ಮೊಣಕೈ ಕೆತ್ತಿತು, ಅವ್ರ ಮೊಣಕಾಲು. ಬಕೆಟಿನ ಉಸುಕೆಲ್ಲಾ ನನ್ನ ಬಾಯಾಗ.

ಯಾರರ ಬಂದು ಎಬ್ಬಿಸೋ ಮೊದಲ ಮಾಮ ಗಾಡಿ ಎತ್ತಿ ಸ್ಟಾರ್ಟ್ ಮಾಡಿ ಅಲ್ಲೇ ಹತ್ರದ ಕೆಂಚನಗುಡ್ಡಕ್ಕ ಒಯ್ದ್ರು. ಅಲ್ಲಿ ಹೊಳಿ ದಂಡಿಗೆ ಕುಂತು ಗಾಯ ತೊಳಕೊಂಡ್ವಿ. ಆಮ್ಯಾಲೆ ಅವ್ರ ಶುರು ಮಾಡಿದ್ರು. ಡಿಪೋದಾಗ ವರ್ಷಕ್ಕೊಮ್ಮಿ ಕಣ್ಣು ನೋಡ್ತಾರಂತ. ಬಸ್ಸಿನಿಂದ ಇಳಿಸಿದ ವರ್ಷ ಬಂದ ಡಾಕ್ಟರ್ ಒಂದು ಮಷಿನ್ಯಾಗ ತಲಿ ಇಡಿಸಿ, ಚುಕ್ಕಿ ಕಂಡಾಗೆಲ್ಲಾ ಗುಂಡಿ ಒತ್ತು ಅಂದ್ರಂತ. ಮಾಮ ನಡುವ ಬಂದ ಚುಕ್ಕಿಗಷ್ಟ ಒತ್ತಿ, ಉಳದದ್ದು ಬರ್ಲೇ ಇಲ್ಲಲ್ಲ ಅಂತ ಕಾಯ್ಕೊಂತ ಕುಂತ್ರಂತ. ಎಲ್ಲಾ ಬಂದು ಹೋಗಿದ್ವು. ನರ ಒಣಗಾಕತ್ತೈತಿ ಅಂದ್ರಂತ. ಹೋದದ್ದು ಬರಂಗಿಲ್ಲ, ಇದ್ದದ್ದು ಎಷ್ಟು ದಿನ ಅಂತ ಹೇಳಾಕ ಬರಂಗಿಲ್ಲ, ಹನಿ ಹಾಕ್ಕೊ, ಗಾಡಿ ಮುಟ್ಟಬ್ಯಾಡ.

"ಮೊದ್ಲು ಬಸ್ಸಿನ ಮುಂದಿನ ಗಾಜಿನಷ್ಟು ಕಾಣ್ತಿತ್ತಲೇ," ಅಂದ್ರು. "ಈಗ ಡ್ರೈವರ್ ಸೀಟಿನ ಹಿಂದ ಒಂದು ಸಣ್ಣ ಕಿಂಡಿ ಇರ್ತೈತಿ ನೋಡು. ಅಷ್ಟು."

ಕುರುಗೋಡಿನ ದಾರಿ, ಸಿರುಗುಪ್ಪದ ದಾರಿ ಅವ್ರಿಗೆ ಕಾಣ್ತಿದ್ದಿಲ್ಲ, ಬಾಯಿಪಾಠ ಇತ್ತು. ಎಲ್ಲಿ ತಗ್ಗು, ಎಲ್ಲಿ ತಿರುವು, ಎಲ್ಲಿ ಗೇರ್ ಇಳಿಸಬೇಕು, ಎಲ್ಲಾ ಕೈಕಾಲಿಗೆ ಗೊತ್ತು. ನಾ ಒಂದು ವರ್ಷ ಅವ್ರ ಹಿಂದ ಕುಂತು ಮೊಬೈಲ್ ನೋಡ್ಕೊಂತ ತಿರುಗಾಡೀನಿ.

ಆ ಉಪ್ಪಿನ ದಾರಿ ಯಾಕ ಬೇಕು ಅನ್ನೋದೂ ಅವತ್ತ ಬಿಡಿಸಿ ಹೇಳಿದ್ರು. ಅಲ್ಲಿ ಬಲಕ್ಕ ಎಡಕ್ಕ ನೋಡೋ ಕೆಲಸ ಇಲ್ಲ. ನಡುವ ನೋಡಿದ್ರ ಸಾಕು. ಆ ಒಂದು ದಾರಿ ಮ್ಯಾಲೆ ಅವ್ರೂ ಉಳದ ಮಂದಿಯಂಗ. ಅವ್ರ ಲೈಸೆನ್ಸ್ ದಸರಾ ಮುಗಿಯೋ ಹೊತ್ತಿಗೆ ಮುಗಿತಿತ್ತು. ಹೊಸದು ಬೇಕಂದ್ರ ಕಣ್ಣಿನ ಸರ್ಟಿಫಿಕೇಟ್ ಬೇಕು, ಅದು ಅವ್ರಿಗೆ ಸಿಗಂಗಿಲ್ಲ. ಅಷ್ಟ್ರಾಗ ಒಮ್ಮಿ, ಒಂದ ಸಲ, ಗೊತ್ತಿಲ್ಲದ ದಾರಿ ಮ್ಯಾಲೆ ಗಾಡಿ ಓಡಿಸಬೇಕು. ಆಮ್ಯಾಲೆ ಕಣ್ಣು ಹೋದ್ರ ಹೋಗ್ಲಿ ಅಂದ್ರು.

ನಾ ಏನು ಹೇಳಬೇಕಿತ್ತು ಅನ್ನೋದು ನಿಮಗೂ ಗೊತ್ತು, ನನಗೂ ಗೊತ್ತಿತ್ತು. ಹೇಳಲಿಲ್ಲ. ಅಷ್ಟ್ರಾಗ ನಾ ಕಾಲೇಜಿಗೆಲ್ಲ ಹೇಳಿ ಆಗಿತ್ತು, ಸ್ಟೇಟಸಿನ್ಯಾಗ ಜಾಕೆಟ್ ಹಾಕ್ಕೊಂಡ ಫೋಟೋ ಹಾಕಿ ಆಗಿತ್ತು, ಹುಡುಗೀರು ಮೂರು ಮಂದಿ ಹೃದಯ ಒತ್ತಿದ್ರು. ಮಾಮಗ ಕಣ್ಣಿನ ಚಿಂತಿ, ನನಗ ಮಾರಿ ಚಿಂತಿ. ಹಂಗಾರ ನಾ ಓಡಿಸ್ತೀನಿ, ನೀವು ಹಿಂದ ಕುಂದ್ರಿ ಅಂದೆ. ನಿನಗ ಇನ್ನೂ ಹದಿನೇಳು, ಲೈಸೆನ್ಸ್ ಇಲ್ಲದೋನ ಹಿಂದ ನಾ ಜೀವ ಇರೋ ಮಟ ಕುಂದ್ರಂಗಿಲ್ಲ ಅಂದ್ರು. ಡಿವೈಡರ್ ಏರಿಸಿ ಮೊಣಕಾಲಿನ ರಕ್ತ ಒರಸ್ಕೊಂತ ಹೇಳಿದ ಮಾತು ಇದು.

ಆಮ್ಯಾಲೆ ನಾವಿಬ್ಬರೂ ಕೂಡಿ ಒಂದು ಪದ್ಧತಿ ಮಾಡಿದ್ವಿ. ಕಂಡಕ್ಟರ್ ಬಸ್ಸಿನ ತಗಡು ಬಡಿತಾನಲ್ಲ, ಹಂಗ ನಾ ಅವ್ರ ಬೆನ್ನು ಬಡೀಬೇಕು. ಎಡಗಡಿಯಿಂದ ಏನರ ಬಂದ್ರ ಎಡ ಭುಜ, ಬಲಗಡಿಯಿಂದ ಬಂದ್ರ ಬಲ ಭುಜ. ಎರಡೂ ಕೂಡಿ ಬಡದ್ರ ಬ್ರೇಕ್. ಕಾಲೇಜಿನ ಗ್ರೌಂಡಿನ್ಯಾಗ ಮುಂಜಾನಿ ಮುಂಜಾನಿ ಪ್ರ್ಯಾಕ್ಟೀಸ್. ಮೊದಲ್ನೇ ದಿನ ನನಗ ಸೀನು ಬಂತು, ಎರಡೂ ಕೈ ಅವ್ರ ಭುಜಕ್ಕ ಬಿದ್ವು, ಬ್ರೇಕ್ ಹಾಕಿದ್ರು, ನಾ ಅವ್ರ ತಲಿ ಮ್ಯಾಲಿಂದ ಹಾರಿ ಗೋಲ್ ಪೋಸ್ಟಿನ ಒಳಗ ಬಿದ್ದೆ. ಗೋಲ್ ಅನ್ನೋದು ಸುಳ್ಳು, ಬಿದ್ದದ್ದು ಖರೇ. ಹದಿನೈದು ದಿನದಾಗ ಮಾಮ ಎಷ್ಟು ಶಾಣ್ಯಾ ಆದ್ರಂದ್ರ, ನಾಯಿ, ಕ್ರಿಕೆಟ್ ಬಾಲು, ವಾಕಿಂಗ್ ಬರೋ ಮಂದಿ, ಎಲ್ಲಾ ತಪ್ಪಿಸಿ ಎಂಟು ಹಾಕ್ತಿದ್ರು. ಅವತ್ತು ನಾ ಖರೇನ ನಂಬಿಬಿಟ್ಟೆ, ನಾವು ಮುಟ್ಟತೀವಿ ಅಂತ. ಗ್ರೌಂಡಿನ ಹೊರಗ ಲಾರಿ ಇರ್ತಾವ ಅನ್ನೋದು ನನ್ನ ತಲಿಯಾಗ ಇತ್ತು, ಇಲ್ಲ ಅಂತಿಲ್ಲ. ಅದನ್ನ ಹಿಂದಕ ಸರಿಸಿ ಇಟ್ಟಿದ್ದೆ.

ಹೊರಡಾಕ ಒಂದು ವಾರ ಇದ್ದಾಗ ಕುರುಗೋಡಿಗೆ ಹೋದ್ವಿ, ಮಾಮನ ಅವ್ವಗ ಹೇಳಾಕ. ಗುಡಿ ಹಿಂದಿನ ಓಣ್ಯಾಗ ಸಣ್ಣ ಮನಿ, ಒಬ್ಬಾಕೇ ಇದ್ಲು. ಎಂಬತ್ತೈದು ದಾಟೈತಿ, ಕನ್ನಡಕ ಇಲ್ದ ಅಕ್ಕ್ಯಾಗಿನ ಸಣ್ಣ ಕಲ್ಲು ಆರಿಸ್ತಾಳ. ಅರವತ್ತೊಂದು ವರ್ಷದ ಮಗ ಮನಿ ಹೊಕ್ಕರ ಕಾಲು ತೊಳಕೊಂಡ್ಯೇನಲೇ ಅಂತ ಕೇಳ್ತಾಳ. ಮಾಮ ಗುಜರಾತ್ ಅನ್ನಲಿಲ್ಲ, ಗೆಳ್ಯಾರ ಕೂಡ ಪಂಢರಪುರಕ್ಕ ಹೊಂಟೀನಿ, ಬೈಕ್ ಮ್ಯಾಲೆ ಅಂದ್ರು. ಆಕಿ ಒಗ್ಗರಣಿ ಮಂಡಕ್ಕಿ, ಮಿರ್ಚಿ ತಂದಿಟ್ಟು ಎದುರಿಗೆ ಕುಂತು ಮಗ ತಿನ್ನೋದನ್ನ ನೋಡಿದ್ಲು. ಏಳು ನಿಮಿಷದ ಊಟಕ್ಕ ಅವತ್ತು ಹದಿನೈದು ನಿಮಿಷ ಹಿಡೀತು. ಮಾಮ ಮೆಣಸಿನಕಾಯಿ ಹುಡುಕ್ಕೊಂತ ತಾಟಿನ ಮ್ಯಾಲೆ ಬೆರಳು ಆಡಿಸ್ತಿದ್ರು.

ಅವ್ರು ಹಿತ್ತಲಕ್ಕ ಕೈ ತೊಳಕೊಳ್ಳಾಕ ಹೋದಾಗ ಅಜ್ಜಿ ನನ್ನ ಕಡಿ ತಿರುಗಿದ್ಲು.

"ಅವನ ಕಣ್ಣು ಹೆಂಗದಾವಪ್ಪಾ?"

ನಾ ಜಗತ್ತಿನ್ಯಾಗಿನ ಎಲ್ಲಾ ಸುಳ್ಳು ಸಲೀಸಾಗಿ ಹೇಳಿದೋನು. ಹೋಂವರ್ಕ್ ಎಮ್ಮಿ ತಿಂತು ಅಂತ ಹೇಳಿ, ಲೆಕ್ಚರರ್ ಬಾಯಿಂದ ಎಮ್ಮಿ ಆರಾಮ ಐತೇನು ಅಂತ ಕೇಳಿಸ್ಕೊಂಡೋನು. ಆದ್ರ ಆಕಿ ಮುಂದ ನನ್ನ ಬಾಯಿಗೆ ಬ್ರೇಕ್ ಹತ್ತಲಿಲ್ಲ. ಹದ್ದಿನ ಕಣ್ಣು ಅಜ್ಜಿ ಅಂದೆ. ಕುರುಗೋಡಿನ್ಯಾಗ ನಿಂತು ಬಳ್ಳಾರಿ ಗುಡ್ಡದ ಮ್ಯಾಲಿನ ಮಂದಿ ಎಣಿಸ್ತಾರ ಅಂದೆ. ಕತ್ತಲಾಗ ಸೂಜಿ ಪೋಣಿಸ್ತಾರ ಅಂದೆ. ಆಕಿ ನನ್ನ ಮಾರಿನ ನೋಡ್ಕೊಂತ ಕುಂತ್ಲು. ಚಲೋ ಅದಾವ ಅಂತ ಒಂದ ಮಾತು ಹೇಳಿದ್ರ ಆಕಿ ನಂಬ್ತಿದ್ಲೋ ಏನೋ. ತಾಟು ಎತ್ಕೊಂಡು ಒಳಗ ಹೋದ್ಲು. ಹೊಂಟಾಗ ಯಾವ ದಿನ, ಎಷ್ಟೊತ್ತಿಗೆ ಅಂತ ಮಗನ್ನ ಕೇಳಿದ್ಲು. ಶುಕ್ರವಾರ ಮುಂಜಾನಿ ಆರೂವರಿ ಅಂತ ಮಾಮ ಹೇಳಿದ್ರು. ಡ್ರೈವರ್ ಆದೋರಿಗೆ ಟೈಮಿನ ವಿಷಯದಾಗ ಸುಳ್ಳು ಹೇಳಾಕ ಬರಂಗಿಲ್ಲ.

ಶುಕ್ರವಾರ ಬಂತು. ಲೈಸೆನ್ಸಿಗೆ ಇನ್ನ ಹನ್ನೆರಡು ದಿನ ಇತ್ತು. ಹೋಗಾಕ ಐದು, ಬರಾಕ ಐದು, ಅಲ್ಲಿ ಒಂದು, ಕೈಯಾಗ ಒಂದು. ನಾ ಮನ್ಯಾಗ ಸಿರುಗುಪ್ಪದ ಗೆಳೆಯನ ಮನ್ಯಾಗ ಕುಂತು ಓದ್ತೀನಿ ಅಂತ ಹೇಳಿದ್ದೆ. ನಮ್ಮವ್ವ ನಂಬಿದ್ದಿಲ್ಲ, ಆದ್ರ ಉಪ್ಪಿನಕಾಯಿ ಕಟ್ಟಿ ಕೊಟ್ಟಿದ್ಲು. ನಮ್ಮಪ್ಪ ಏಳಕ್ಕ ಏಳ್ತಾನ. ಅವ ಎದ್ದು ಹೊರಗ ಬಂದ ಅಂದ್ರ ನನ್ನ ಕಥಿ ಅಲ್ಲಿಗೇ ಮುಗೀತು. ಅದಕ್ಕ ನನ್ನ ಜೀವ ಕಿವಿಯಾಗ ಇತ್ತು. ನನ್ನ ಕ್ಲಾಸಿನ ಮೂರು ಮಂದಿನ್ನ ವಿಡಿಯೋ ಮಾಡಾಕ ಕರದಿದ್ದೆ, ಬ್ಯಾರೆ.

ಐದೂವರಿಗೆ ಎಲ್ಲಾ ತಯಾರಿತ್ತು. ಬರ್ರಿ ಮಾಮ, ಹೋಗೋಣು ಅಂದೆ. ಟೈಮ್ ಆರೂವರಿ ಐತಿ ಅಂದ್ರು. ಟೈಮಿನ ಮೊದಲ ಗಾಡಿ ಬಿಟ್ರ ಬರೋ ಪ್ಯಾಸೆಂಜರ್ ಏನು ಮಾಡಬೇಕು ಅಂದ್ರು. ಯಾವ ಪ್ಯಾಸೆಂಜರ್ ಮಾಮ ಅಂತ ನಾ ಅಳೋದೊಂದು ಬಾಕಿ. ಅವ್ರು ಹಳೇ ಖಾಕಿ ಅಂಗಿ ಇಸ್ತ್ರಿ ಮಾಡಿ ಹಾಕ್ಕೊಂಡಿದ್ರು. ಗಾಲಿ ಒದ್ದು ನೋಡಿದ್ರು, ಲೈಟ್ ಹಚ್ಚಿ ಆರಿಸಿದ್ರು, ಹಾರ್ನ್ ಬಾರಿಸಿದ್ರು. ಆ ಹಾರ್ನಿಗೆ ನಮ್ಮಪ್ಪ ಕೆಮ್ಮಿದ್ದು ಕೇಳ್ತು, ನನಗ ಬೆವರು ಬಂತು.

ಆರೂಕಾಲು ದಾಟಿದ ಮ್ಯಾಲೆ ಗಾಡಿ ಸ್ಟಾರ್ಟ್ ಮಾಡಿ ಮ್ಯಾಲೆ ಕುಂತ್ರು. ಎಂಜಿನ್ ಬಿಸಿ ಆಗ್ಲಿ ಅಂತ. ಸ್ಟೆಪ್ನಿ ಕೊಳ್ಳಾಗ ಹಾಕ್ಕೊಂಡು ನಾ ಹಿಂದ ಕುಂತೆ. ನನ್ನ ಗೆಳ್ಯಾರು ಎದುರಿಗೆ ಮೊಬೈಲ್ ಹಿಡಕೊಂಡು ನಿಂತಿದ್ರು, ಮಾಮ ಅವ್ರಿಗೆ ದಾರಿ ಹೇಳಾಕತ್ತಿದ್ರು. ಇವತ್ತು ಸೊಲ್ಲಾಪುರ ಮುಟ್ಟಿ ವಸ್ತಿ, ನಾಳೆ ಅಲ್ಲಿಂದ ಮುಂದ. ಹೇಳೋವಾಗ ಮಾರಿ ಹೆಂಗಿತ್ತಂದ್ರ, ಅಷ್ಟು ಸಣ್ಣ ಹುಡುಗನ ಮಾರಿ ನಮ್ಮ ನಾಕು ಮಂದ್ಯಾಗ ಯಾರಿಗೂ ಇದ್ದಿಲ್ಲ.

ಗೇಟ್ ಸಪ್ಪಳಾತು. ನಮ್ಮಪ್ಪ ಅಂದ್ಕೊಂಡು ನಾ ಸ್ಟೆಪ್ನಿ ಹಿಂದ ಮುಖ ಮುಚ್ಚಿಕೊಂಡೆ.

ನಮ್ಮಪ್ಪ ಅಲ್ಲ. ಕುರುಗೋಡಿನ ಅಜ್ಜಿ. ಕೈಯಾಗ ಒಂದು ಚೀಲ, ಕಾಲಾಗ ಚಪ್ಪಲಿ ಇಲ್ಲ, ಮೊದಲ್ನೇ ಬಸ್ಸಿಗೆ ಬಂದಿದ್ಲು. ನಾ ಬಾಯಿ ತೆಗಿಯೋದ್ರಾಗ ತುಟಿ ಮ್ಯಾಲೆ ಬೆರಳಿಟ್ಲು. ಒಂದೊಂದ ಹೆಜ್ಜಿ ಇಟ್ಟು ಬಂದು ಮಗನ ಎಡಕ್ಕ ನಿಂತ್ಲು. ದೂರ ಅಲ್ರಿ. ಆಕಿ ಸೆರಗು ಗಾಡಿ ಕನ್ನಡಿ ಮ್ಯಾಲೆ ಬಿದ್ದಿತ್ತು, ಕೈ ಚಾಚಿದ್ರ ಮಾಮನ ಕಿವಿ ಹಿಂಡಬಹುದಿತ್ತು. ಮಾಮ ಸೊಲ್ಲಾಪುರದಾಗ ಊಟ ಎಲ್ಲಿ ಚಲೋ ಸಿಗತೈತಿ ಅಂತ ಹೇಳಾಕತ್ತಿದ್ರು. ಅಲ್ಲಿಗೆ ಅವ್ರು ಹೋಗೇ ಇದ್ದಿಲ್ಲ. ಅಜ್ಜಿ ಮಗನ ಮಾರಿ ನೋಡ್ಕೊಂತ ನಿಂತ್ಲು. ನನ್ನ ಗೆಳ್ಯಾರು ಮೊಬೈಲ್ ಕೆಳಗಿಳಿಸಿದ್ರು, ಯಾರೂ ಹೇಳಿದ್ದಿಲ್ಲ ಅವ್ರಿಗೆ. ಆಕಿ ಕೈ ಎತ್ತಿ ಮಗನ ಕಪಾಳದ ಹತ್ರ ಒಯ್ದು, ಗಾಳ್ಯಾಗ ಒಂದ್ಸಲ ಆ ಕಡಿ ಈ ಕಡಿ ಆಡಿಸಿದ್ಲು. ಮಾಮ ರೊಟ್ಟಿ ಬಗ್ಗೆ ಹೇಳ್ಕೊಂತ ಹೋದ್ರು.

ಆಕಿ ಬಗ್ಗಿ ಕೀಲಿ ತಿರುವಿ ತಕ್ಕೊಂಡ್ಲು.

ಎಂಜಿನ್ ನಿಂತ್ತು. ಮಾಮ ಚೋಕ್ ಎಳದು ಕಿಕ್ ಹೊಡದ್ರು. ಮತ್ತ ಹೊಡದ್ರು. "ಏನಾತಲೇ ಅಳಿಯ, ಈಗ ಚಲೋ ಇತ್ತಲ್ಲ," ಅಂದ್ರು. ನಾ ಹಿಂದ ಕುಂತಿದ್ದೆ, ಎರಡೂ ಕೈ ಅವ್ರ ಭುಜದ ಮ್ಯಾಲೆ ಇದ್ವು, ಬಡಿಯಾಕ ಆಗ್ಲಿಲ್ಲ. ಏಳು ಕಿಕ್ ಹೊಡದ್ರು, ಎಂಟು ಹೊಡದ್ರು. ಕಡೀಕ ಬೆರಳು ಆಡಿಸ್ಕೊಂತ ಕೀಲಿ ಜಾಗಕ್ಕ ಬಂದ್ರು. ಖಾಲಿ ತೂತಿನ ಸುತ್ತ ಬೆರಳು ಒಂದು ಸುತ್ತು ತಿರುಗಿ ಅಲ್ಲೇ ನಿಂತ್ತು.

"ಯಾರು?" ಅಂದ್ರು.

"ನಾನು."

ಮಾಮ ಬಲಕ್ಕ ತಿರುಗಿದ್ರು. ಅಲ್ಲಿ ಗೋಡಿ ಇತ್ತು. ಆಮ್ಯಾಲೆ ಎಡಕ್ಕ.

"ಯಾವಾಗ ಬಂದಿ ಅವ್ವಾ?"

"ನೀ ಸೊಲ್ಲಾಪುರದಾಗ ಉಣ್ಣಾಕ ಕುಂತಾಗ," ಅಂದ್ಲು ಆಕಿ. ಸಿಟ್ಟು ಮಾಡಲಿಲ್ಲ. ಸೆರಗಿನ ತುದಿಯಾಗ ಕೀಲಿ ಇಟ್ಟು ಗಂಟು ಹಾಕಿ ಸೊಂಟಕ್ಕ ಸಿಗಿಸಿದ್ಲು. "ಇಳಿ. ಏಳೂಕಾಲಿಗೆ ಕುರುಗೋಡಿನ ಬಸ್ ಐತಿ. ಕಿಡಕಿ ಕಡಿ ನೀನ ಕುಂದ್ರು."